ಪೆಡಲಿನ ಕೆಳಗಿನ ಮರದ ತುಂಡು

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕಡೂರಿನ ಒಬ್ಬ ಸಾಹುಕಾರರ ಬಳಿ ನಾನು ಬಸ್ ಡ್ರೈವರ್ ಆಗಿದ್ದೆ. ಅವರ ಬಸ್ಸುಗಳು ಬೀರೂರು ಹಾದು ಒಂದು ಕಡೆ ತರೀಕೆರೆಗೆ, ಇನ್ನೊಂದು ಕಡೆ ಅಜ್ಜಂಪುರಕ್ಕೆ ಓಡುತ್ತಿದ್ದವು. ಸಾಹುಕಾರರು ಕೆಟ್ಟವರಲ್ಲ. ಹಣೆ ತುಂಬ ವಿಭೂತಿ, ಸೋಮವಾರ ಮಠಕ್ಕೆ ಹೋಗಿ ಬಂದ ಮೇಲೆಯೇ ಶೆಡ್ಡಿಗೆ ಕಾಲಿಡುತ್ತಿದ್ದರು. ಆದರೆ ಕಿವಿ ಹಿತ್ತಾಳೆ. ಆ ಕಿವಿಯ ಪಕ್ಕದಲ್ಲೇ ಇರುತ್ತಿದ್ದವನು ಹೆಡ್ ಡ್ರೈವರು.

ಅವನ ವಿಷಯ ಮೊದಲು ಹೇಳಬೇಕು. ಆ ರಸ್ತೆಯಲ್ಲಿ ಅವನಷ್ಟು ಜೋರಾಗಿ ಬಸ್ ಓಡಿಸುವವನು ಇನ್ನೊಬ್ಬನಿರಲಿಲ್ಲ. ಮುಂದೆ ಲಾರಿ ಕಂಡರೆ ಅದನ್ನು ಹಿಂದೆ ಹಾಕದೆ ಅವನಿಗೆ ಉಸಿರಾಡಲು ಆಗುತ್ತಿರಲಿಲ್ಲ. ನಿಲ್ದಾಣಕ್ಕೆ ಬರುವಾಗ ಕೊನೆಯ ಗಳಿಗೆಯವರೆಗೂ ಓಡಿಸಿ, ಧೂಳೆಬ್ಬಿಸಿ, ಕಿರ್ರೆಂದು ಬ್ರೇಕ್ ಹಾಕಿ ನಿಲ್ಲಿಸುವುದು. ಇಂಜಿನ್ ಆರಿಸುವ ಮೊದಲು ಆಕ್ಸಿಲರೇಟರ್ ಒತ್ತಿ ಭರ್ರ್ ಎಂದು ಎರಡು ಸಲ ಗರ್ಜಿಸುವುದು. ಜನಕ್ಕೆ ಅದೇ ಇಷ್ಟ. ಮುಂದಿನ ಬಸ್ಸು ಖಾಲಿ ನಿಂತಿದ್ದರೂ "ಅವನ ಗಾಡೀಲೇ ಹೋಗಣ" ಎಂದು ಕಾಯುತ್ತ ಕೂರುತ್ತಿದ್ದರು.

ಅವನೂ ನಾನೂ ಒಂದೇ ಬಸ್ಸಿಗೆ ಡ್ರೈವರುಗಳು. ಬೆಳಗಿನ ಪಾಳಿ ಅವನದು, ಮಧ್ಯಾಹ್ನದಿಂದ ನನ್ನದು. ಸಂಜೆ ಟ್ರಿಪ್ ಮುಗಿಸಿ ಬಂಕಿನಲ್ಲಿ ಡೀಸೆಲ್ ತುಂಬಿಸುವುದು ನಾನು. ಹಾಗಾಗಿ ಬೆಳಿಗ್ಗೆ ಅವನು ಕುಡಿಸಿದ ಡೀಸೆಲ್ಲೂ ಸಂಜೆಗೆ ನನ್ನ ತಲೆಗೇ ಬರುತ್ತಿತ್ತು. ಡೀಸೆಲ್ ಬೆಲೆ ಏರಿದ ಮೇಲೆ ಸಾಹುಕಾರರು ಆ ಬಸ್ಸಿನ ಖರ್ಚು ನೋಡಿ ಕೂಗಾಡತೊಡಗಿದರು. ಬೇರೆ ಬಸ್ಸುಗಳಿಗಿಂತ ಇದಕ್ಕೆ ಯಾಕಿಷ್ಟು ಜಾಸ್ತಿ ಎಂದು ಕೇಳಿದರು. ನನಗೂ ಉತ್ತರ ಗೊತ್ತಿರಲಿಲ್ಲ. ಹೆಡ್ ಡ್ರೈವರಿಗೆ ಉತ್ತರ ಸಿಕ್ಕಿತು.

ಅಜ್ಜಂಪುರದ ಸಂತೆಯ ದಿನ. ನಾನು ಬಸ್ಸು ತಂದು ನಿಲ್ಲಿಸಿ, ಜನ ಇಳಿಯುವುದನ್ನು ನೋಡುತ್ತ ಸ್ಟಿಯರಿಂಗ್ ಮುಂದೆ ಕೂತಿದ್ದೆ. ಅವನು ಬೇರೆ ಬಸ್ಸಿನಲ್ಲಿ ಬಂದು ಅಲ್ಲಿ ನನಗಾಗಿಯೇ ಕಾಯುತ್ತಿದ್ದ.

"ಇಳಿಯೋ ಕೆಳಿಕ್ಕೆ," ಎಂದ.

"ಯಾಕಣ್ಣಾ?"

"ಯಾಕಂತೆ! ಪಂಪ್‌ಸೆಟ್ನೋರಿಗೆ ಎಷ್ಟಕ್ಕೆ ಮಾರ್ದೆ ಡೀಸೆಲ್ಲು? ಹೇಳಲೇ ಕಳ್ಳ."

ಈರುಳ್ಳಿ ಮೂಟೆ ಇಳಿಸುತ್ತಿದ್ದವರು ನಿಂತರು. ಸೋಡಾ ಅಂಗಡಿಯವನು ಕತ್ತು ಚಾಚಿದ. ನನ್ನ ಹೆಂಡತಿಯ ತವರು ಅಜ್ಜಂಪುರ. ಅವತ್ತು ನನ್ನ ಮಾವ ಅದೇ ಬಸ್ಸಿನಲ್ಲಿ ಬಂದಿದ್ದರು, ಕೈಯಲ್ಲಿ ಚೀಲ ಹಿಡಿದು ಇನ್ನೂ ಮೆಟ್ಟಿಲ ಬಳಿಯೇ ಇದ್ದರು. ನಾನು ಆಣೆ ಮಾಡಿದೆ. ಅವನು ಕೇಳಲಿಲ್ಲ.

"ಸಾವ್ಕಾರ್ರು ಹೇಳಿ ಕಳ್ಸವ್ರೆ. ಇವತ್ತಿಗೆ ನಿನ್ ಕೆಲ್ಸ ಮುಗೀತು. ಆ ಅಂಗಿ ಕಂಪ್ನೀದು, ಬಿಚ್ಚು."

"ಮನೆಗೋಗಿ ಒಗೆದು ಕಳಿಸ್ತೀನಿ ಕಣಣ್ಣಾ."

"ಇಲ್ಲೇ ಬಿಚ್ಚೋ. ಎಲ್ರೂ ನೋಡ್ಲಿ."

ಬಿಚ್ಚಿದೆ. ಒಳಗಿದ್ದದ್ದು ಹರಿದ ಬನಿಯನ್ನು. ನಮ್ಮ ಕೇರಿಯಲ್ಲಿ ಖಾಕಿ ತೊಟ್ಟು ದೊಡ್ಡ ಗಾಡಿಯ ಸ್ಟಿಯರಿಂಗ್ ಹಿಡಿದವನು ನಾನೇ ಮೊದಲಿಗ. ಕೆಲಸಕ್ಕೆ ಸೇರಿದ ದಿನ ಅಮ್ಮ ಆ ಅಂಗಿಯನ್ನು ಕೇರಿಯ ಮನೆಮನೆಗೂ ಒಯ್ದು ತೋರಿಸಿದ್ದಳು. ನಮ್ಮವರ ಮೇಲೆ ಕಳ್ಳತನ ಹೊರಿಸಿದರೆ ಸಾಕ್ಷಿ ಎಲ್ಲಿ ಎಂದು ಕೇಳುವವರು ಆ ಕಾಲದಲ್ಲಿ ಯಾರಿದ್ದರು? ನಿಲ್ದಾಣದಲ್ಲಿದ್ದ ಒಬ್ಬನೂ ಬಾಯಿ ತೆರೆಯಲಿಲ್ಲ. ಮಾವ ತಲೆ ತಗ್ಗಿಸಿಕೊಂಡು ಸಂದಿಯಲ್ಲಿ ಹೊರಟುಹೋದರು. ಹೆಡ್ ಡ್ರೈವರು ನನ್ನ ಅಂಗಿಯನ್ನು ಬಾನೆಟ್ಟಿನ ಮೇಲೆ ಎಸೆದು, ನನ್ನ ಸೀಟಿನಲ್ಲಿ ಕೂತು, ಎಂದಿನಂತೆ ಇಂಜಿನ್ನನ್ನು ಎರಡು ಸಲ ಗರ್ಜಿಸಿ ಹೊರಟ.

ಅವನನ್ನು ಹೊಡೆಯಬೇಕು, ಕಾಲು ಮುರಿಯಬೇಕು ಎಂದು ಮೊದಮೊದಲು ಯೋಚಿಸುತ್ತಿದ್ದೆ. ಹೊಡೆದರೆ ಜೈಲಿಗೆ ಹೋಗುವವನು ನಾನು. ಆಮೇಲೆ "ಕಳ್ಳ ಮಾತ್ರ ಅಲ್ಲ, ರೌಡಿ ಕೂಡ" ಎನ್ನುತ್ತಾರೆ. ಹೆಂಡತಿಯೇ ತಡೆದಳು. "ಕೈಯಲ್ಲಿ ಹೊಡೆದ್ರೆ ಎರಡು ದಿನದಲ್ಲಿ ವಾಸಿ ಆಗ್ತದೆ ಕಣ್ರೀ. ವಾಸಿ ಆಗದಂಥ ಜಾಗ ಹುಡುಕಿ ಹೊಡೀಬೇಕು," ಎಂದಳು. ಅವಳು ಮೆಲ್ಲಗೆ ಮಾತಾಡುವ ಹೆಂಗಸು. ಆ ಮಾತನ್ನೂ ಅಷ್ಟೇ ಮೆಲ್ಲಗೆ, ರಾಗಿ ಕೇರುತ್ತ ಹೇಳಿದಳು.

ನಂತರ ಕೆಲವು ವರ್ಷ ಈರುಳ್ಳಿ ಲಾರಿ ಓಡಿಸಿದೆ. ಕಳ್ಳನೆಂಬ ಹೆಸರು ಹೊತ್ತವನಿಗೆ ಬಸ್ಸು ಕೊಡುವವರಿರಲಿಲ್ಲ. ತರೀಕೆರೆಯ ಒಬ್ಬ ಲಾರಿ ಮಾಲೀಕರು, ನನ್ನ ಕಥೆ ಕೇಳಿಯೂ, "ನಿಂಗೆ ಓಡ್ಸೋಕೆ ಬಂದ್ರೆ ಸಾಕಪ್ಪಾ" ಎಂದು ಕೆಲಸ ಕೊಟ್ಟರು. ದಾರಿಯಲ್ಲಿ ಎಷ್ಟೋ ಸಲ ಹೆಡ್ ಡ್ರೈವರನ ಬಸ್ಸು ನನ್ನ ಲಾರಿಯನ್ನು ಹಿಂದೆ ಹಾಕಿ ಮಣ್ಣೆರಚಿ ಹೋಗುತ್ತಿತ್ತು. ಪ್ರತಿ ಸಲವೂ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸುತ್ತಿದ್ದ. ಆ ಕೈ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಎಂಬತ್ತರ ದಶಕ ಶುರುವಾದ ಮೇಲೆ ತರೀಕೆರೆಯಲ್ಲಿ ಒಂದು ಶಿಬಿರ ನಡೆಯಿತು. ಡೀಸೆಲ್ ಉಳಿಸುವುದು ಹೇಗೆ ಎಂದು ಡ್ರೈವರುಗಳಿಗೆ ಕಲಿಸಲು ಬೆಂಗಳೂರಿನಿಂದ ಸರ್ಕಾರದ ಜೀಪು ಬಂದಿತ್ತು. ನನ್ನ ಲಾರಿ ಮಾಲೀಕರು, "ಹೋಗಿ ಕೂತ್ಕೊಂಡು ಬಾ, ಊಟ ಹಾಕ್ತಾರಂತೆ" ಎಂದು ಕಳಿಸಿದರು. ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಚಾಪೆ ಹಾಸಿ ನಮ್ಮನ್ನು ಕೂರಿಸಿದರು. ಕಲಿಸುವವರು ಸಣಕಲು ಮನುಷ್ಯ, ನಾವೆಲ್ಲ ಮೇಷ್ಟ್ರೇ ಎಂದು ಕರೆದೆವು.

ಮೊದಲ ದಿನ ಎಲ್ಲರೂ ತೂಕಡಿಸುತ್ತಿದ್ದೆವು. ಟೈರಿಗೆ ಗಾಳಿ ಸರಿಯಾಗಿರಲಿ, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಬೇಡಿ, ರೈಲ್ವೆ ಗೇಟು ಹಾಕಿದ್ದರೆ ಇಂಜಿನ್ ಆರಿಸಿ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಅದರಲ್ಲಿ ಡೀಸೆಲ್ ಉಳಿಯುವುದಕ್ಕಿಂತ ಪ್ರಾಣ ಹೋಗುವುದೇ ಹೆಚ್ಚು ಎಂದೆಲ್ಲ ಹೇಳುತ್ತಿದ್ದರು. ಎರಡನೆಯ ದಿನ ಒಂದು ಲಾರಿ ತರಿಸಿ, ಡ್ರೈವರ್ ಸೀಟಿನ ಹಿಂದೆ ಗೆರೆ ಎಳೆದ ಡಬ್ಬಿಯೊಂದನ್ನು ಕಟ್ಟಿಸಿದರು. ಟ್ಯಾಂಕಿನ ಪೈಪು ಬಿಡಿಸಿ ಇಂಜಿನ್ನಿಗೆ ಆ ಡಬ್ಬಿಯಿಂದಲೇ ಡೀಸೆಲ್ ಹೋಗುವಂತೆ ಮಾಡಿದರು. ಎಷ್ಟು ಖರ್ಚಾಯಿತೆಂದು ಕಣ್ಣಲ್ಲೇ ಕಾಣುತ್ತಿತ್ತು.

ಮೊದಲು ಒಬ್ಬ ಡ್ರೈವರು ತನಗೆ ತಿಳಿದಂತೆ ಓಡಿಸಿದ. ಜೋರಾಗಿ ಎಳೆದ, ಬ್ರೇಕ್ ಹಾಕಿದ, ಮತ್ತೆ ಎಳೆದ. ಆಮೇಲೆ ಅದೇ ಲಾರಿ, ಅದೇ ದಾರಿ, ಮೇಷ್ಟ್ರು ಓಡಿಸಿದರು. ಗೇರುಗಳನ್ನು ಬೇಗಬೇಗ ಮೇಲಕ್ಕೆ ಹಾಕಿ, ಕಾಲನ್ನು ಪೆಡಲಿನ ಮೇಲೆ ಹಗುರವಾಗಿಟ್ಟು, ಒಂದೇ ಸಮನೆ ಹೋದರು. ಮುಂದೆ ದನ ಅಡ್ಡ ಬರುವುದು ದೂರದಿಂದಲೇ ಕಂಡರೆ ಆಗಲೇ ಕಾಲು ತೆಗೆದು, ಬ್ರೇಕ್ ಮುಟ್ಟದೆ ವೇಗ ಇಳಿಸಿದರು. ವಾಪಸ್ಸು ಬಂದು ನೋಡಿದರೆ ಡಬ್ಬಿಯಲ್ಲಿ ಎಷ್ಟೊಂದು ಉಳಿದಿತ್ತು! ಸುತ್ತ ನಿಂತವರು ಕಣ್ಣರಳಿಸಿದರು.

ನನಗೆ ಆ ಡಬ್ಬಿಯಲ್ಲಿ ಬೇರೆಯದೇ ಕಂಡಿತು. ನಮ್ಮ ಬಸ್ಸಿನ ಡೀಸೆಲ್ ಎಲ್ಲಿಗೆ ಹೋಗುತ್ತಿತ್ತು ಎಂಬುದು ತಿಳಿಯಿತು. ಪ್ರತಿ ದಿನ ಬೆಳಿಗ್ಗೆ ಅವನ ಕಾಲೇ ಕುಡಿಯುತ್ತಿತ್ತು. ಆ ಗರ್ಜನೆ, ಆ ಬ್ರೇಕು, ಗೇಟಿನ ಮುಂದೆ ನಿಂತಾಗಲೂ ಪೆಡಲನ್ನು ಒತ್ತಿ ಒತ್ತಿ ಆಡುವ ಆ ಚಾಳಿ, ಎಲ್ಲ ಸೇರಿ. ಜನ ಮೆಚ್ಚಿ ಕುಣಿದದ್ದಕ್ಕೆಲ್ಲ ನನ್ನ ಅಂಗಿ ಹೋಗಿತ್ತು. ಹೆಂಡತಿ ಹೇಳಿದ ಜಾಗ ಸಿಕ್ಕಿತು ಎಂದುಕೊಂಡೆ.

ಅಂದಿನಿಂದ ಮೇಷ್ಟ್ರ ಬೆನ್ನು ಬಿಡಲಿಲ್ಲ. ಅವರಿಗೂ ಈ ಕಡೆಯ ರಸ್ತೆ, ಈ ಕಡೆಯ ಮಾತು ಬಲ್ಲ ಒಬ್ಬ ಡ್ರೈವರು ಬೇಕಿತ್ತು. ಅವರು ಬಂದಾಗಲೆಲ್ಲ ಜೊತೆಗೆ ಓಡಾಡಿದೆ, ಡಬ್ಬಿ ಕಟ್ಟಲು ಕಲಿತೆ, ಡ್ರೈವರ ಪಕ್ಕದಲ್ಲಿ ಕೂತು ಅವನ ಕಾಲನ್ನೇ ಗಮನಿಸಲು ಕಲಿತೆ. ಆಮೇಲೆ ಅವರು ಬರದಿದ್ದಾಗಲೂ ಲಾರಿ ಮಾಲೀಕರು ನನ್ನನ್ನೇ ಕರೆಯತೊಡಗಿದರು. ನಾನು ಕಲಿಸಿದ ಡ್ರೈವರುಗಳು ಡೀಸೆಲ್ ಉಳಿಸಿದರು. ಮಾತು ತರೀಕೆರೆಯಿಂದ ಬೀರೂರಿಗೆ, ಬೀರೂರಿನಿಂದ ಕಡೂರಿಗೆ ಹೋಯಿತು. ಡೀಸೆಲ್ ಬೆಲೆ ಇನ್ನೊಮ್ಮೆ ಏರಿದಾಗ, ನಾನು ಕಾಯುತ್ತಿದ್ದ ಕರೆ ಬಂತು. ಸಾಹುಕಾರರು ಹೇಳಿಕಳಿಸಿದ್ದರು.

ಅವರಿಗೆ ವಯಸ್ಸಾಗಿತ್ತು. ಕುರ್ಚಿ ಹಾಕಿಸಿದರು, ನಾನು ಕೂತೆ. ಹಿಂದೆ ಆ ಶೆಡ್ಡಿನಲ್ಲಿ ನಾನು ಕೂತದ್ದಿಲ್ಲ.

"ಹಳೇದ್ನೆಲ್ಲ ಮರ್ತ್ಬಿಡಪ್ಪಾ," ಎಂದರು. "ಅವನು ಹೇಳ್ದ, ನಾನು ನಂಬ್ದೆ."

"ಮರ್ತೇಬಿಟ್ಟಿದೀನಿ ಸಾವ್ಕಾರ್ರೇ," ಎಂದೆ. "ನಿಮ್ಮ ಡ್ರೈವರುಗಳಿಗೆಲ್ಲ ಕಲಿಸ್ತೀನಿ. ಒಂದೇ ಮಾತು. ಮೊದಲ ಪರೀಕ್ಷೆ ಹೆಡ್ ಡ್ರೈವರಣ್ಣಂದು. ಅಜ್ಜಂಪುರದ ದಾರಿ, ಸಂತೆ ದಿನ, ಜನ ತುಂಬಿಸ್ಕೊಂಡೇ."

"ಅವನಿಗೆ ಯಾತಕ್ಕಯ್ಯಾ ಪರೀಕ್ಷೆ?"

"ದೊಡ್ಡೋರಿಂದ ಶುರು ಮಾಡಿದ್ರೆ ಚಿಕ್ಕೋರು ಕಲೀತಾರೆ."

ಅವರು ತಲೆಯಾಡಿಸಿದರು.

ಮೇಷ್ಟ್ರು ಕಲಿಸಿದ್ದರಲ್ಲಿ ಒಂದನ್ನು ಮಾತ್ರ ನಾನು ಬೇಕೆಂದೇ ಮುರಿದೆ. ಡೀಸೆಲ್ ಪೂರ್ತಿ ಮುಗಿದರೆ ಪೈಪಿಗೆ ಗಾಳಿ ಹೊಗುತ್ತದೆ. ಮತ್ತೆ ಡೀಸೆಲ್ ಹಾಕಿದರೂ ಇಂಜಿನ್ ಹೊತ್ತುವುದಿಲ್ಲ, ಬಾನೆಟ್ ತೆಗೆದು ಕೈಪಂಪು ಒತ್ತಿ ಒತ್ತಿ ಗಾಳಿ ಹೊರಗೆ ಹಾಕಬೇಕು, ಕೈಯೆಲ್ಲ ಡೀಸೆಲ್ ಆಗುತ್ತದೆ. ಹಾಗಾಗಿ ಡಬ್ಬಿ ಎಂದೂ ಬರಿದಾಗಬಾರದು ಎನ್ನುತ್ತಿದ್ದರು ಮೇಷ್ಟ್ರು. ನಾನು ಹಿಂದಿನ ಸಂತೆಯ ದಿನ ಅದೇ ಬಸ್ಸನ್ನು ಅಷ್ಟೇ ಜನರೊಂದಿಗೆ ಓಡಿಸಿ, ನನ್ನ ಕಾಲಿಗೆ ಅಜ್ಜಂಪುರದವರೆಗೆ ಎಷ್ಟು ಬೇಕೆಂದು ನೋಡಿಕೊಂಡಿದ್ದೆ. ಅಷ್ಟಕ್ಕೆ ಸ್ವಲ್ಪ ಮಾತ್ರ ಸೇರಿಸಿ ಡಬ್ಬಿಗೆ ಹಾಕಿದೆ.

ಅವನು ಬಂದು ಡಬ್ಬಿಯನ್ನೂ ನನ್ನನ್ನೂ ನೋಡಿ ನಕ್ಕ. "ಏನಪ್ಪಾ, ಡೀಸೆಲ್ ಮೇಷ್ಟ್ರೇ! ನಂಗೆ ಡ್ರೈವಿಂಗ್ ಹೇಳ್ಕೊಡ್ತೀಯಾ?"

"ಇಲ್ಲಣ್ಣಾ. ನೀನು ದಿನಾ ಹೋಗೋ ಹಂಗೇ ಹೋಗು. ನಾನು ಸುಮ್ನೆ ಕೂತಿರ್ತೀನಿ."

ದಿನಾ ಹೋಗುವುದಕ್ಕಿಂತ ಜೋರಾಗಿ ಹೋದ. ನನಗೆ ತೋರಿಸಲೆಂದೇ. ಬೀರೂರಿನ ಗೇಟು ಹಾಕಿತ್ತು. ರೈಲು ಬರುವವರೆಗೂ ಇಂಜಿನ್ ಆರಿಸದೆ ಪೆಡಲು ಒತ್ತಿ ಒತ್ತಿ ಭುರ್ ಭುರ್ ಎನ್ನಿಸುತ್ತ ಕೂತ. ಗೇಟು ತೆಗೆದದ್ದೇ ತಡ, ಎರಡು ಲಾರಿಗಳನ್ನು ಹಿಂದೆ ಹಾಕಿದ. ಜನ ಹೋ ಎಂದರು. ನಾನು ಅವನ ಹಿಂದೆ ಕೂತು ಡೀಸೆಲ್ ಇಳಿದಂತೆ ಡಬ್ಬಿಯ ಗೆರೆಗಳು ಒಂದೊಂದಾಗಿ ಬರಿದಾಗುವುದನ್ನು ನೋಡುತ್ತಿದ್ದೆ. ಹಸಿದವನು ಒಲೆಯ ಮೇಲಿನ ಅನ್ನ ನೋಡುವ ಹಾಗೆ ನೋಡುತ್ತಿದ್ದೆ.

ಅಜ್ಜಂಪುರ ಇನ್ನೇನು ಬಂತು ಅನ್ನುವಾಗ, ಅಮೃತಮಹಲ್ ದನಗಳು ಮೇಯುವ ಕಾವಲಿನ ಹತ್ತಿರ, ಬಸ್ಸು ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ನಿಂತಿತು. ಮರದ ನೆರಳೂ ಇಲ್ಲದ ಜಾಗ. ಅವನು ಸ್ವಿಚ್ಚು ತಿರುಗಿಸಿದ, ಮತ್ತೆ ತಿರುಗಿಸಿದ. ನಾನು ಬರಿದಾದ ಡಬ್ಬಿಯನ್ನು ತೋರಿಸಿ, ಕಾಲಬಳಿ ಇಟ್ಟಿದ್ದ ಕ್ಯಾನು ಕೊಟ್ಟೆ. ಅವನಿಗೆ ಅರ್ಥವಾಯಿತು. ಆದರೂ ಏನು ಮಾಡಿಯಾನು? ಕೋಳಿ ಬುಟ್ಟಿ, ಎಲೆ ಕಟ್ಟು ಹಿಡಿದ ಜನ ಸಂತೆ ತಪ್ಪುತ್ತದೆ ಎಂದು ಕೂಗುತ್ತಿದ್ದರು. ಅವನು ಬಾನೆಟ್ ತೆಗೆದು, ಇಸ್ತ್ರಿ ಹಾಕಿದ ಅಂಗಿಯ ತೋಳು ಮಡಿಸಿ, ಬಿಸಿ ಇಂಜಿನ್ನಿನೊಳಕ್ಕೆ ತಲೆ ಹಾಕಿ ಪಂಪು ಒತ್ತತೊಡಗಿದ. ಡೀಸೆಲ್ ಮೊಣಕೈಯವರೆಗೂ ಇಳಿಯಿತು.

"ಏನಾಗದೆ ಡ್ರೈವರಣ್ಣಂಗೆ?" ಎಂದು ಒಬ್ಬರು ಕೇಳಿದರು.

"ಡೀಸೆಲ್ ಖಾಲಿಯಂತೆ," ಎಂದ ಕಂಡಕ್ಟರು.

ಆಗ ಹಿಂದಿನ ಸೀಟಿನ ಒಬ್ಬ ಮುದುಕಿ ಎಲೆಅಡಿಕೆ ಉಗಿದು ಕೂಗಿದಳು: "ಯಾರಿಗೆ ಮಾರ್ಕಂಡನೋ ಕೇಳ್ರಪ್ಪಾ!"

ಬಸ್ಸಿಗೆ ಬಸ್ಸೇ ನಕ್ಕಿತು. ಆ ಮುದುಕಿ ಯಾರೋ ನನಗೆ ಗೊತ್ತಿಲ್ಲ, ಹಳೆಯ ಸಂಗತಿ ಅವಳಿಗೂ ಗೊತ್ತಿರಲಿಕ್ಕಿಲ್ಲ. ಅವಳ ಕಾಲಿಗೆ ಬೀಳಬೇಕೆನಿಸಿತು. ಇಂಜಿನ್ನಿನೊಳಗಿಂದ ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನೂ ನೋಡಿದೆ. ಕಣ್ಣು ತೆಗೆಯಲಿಲ್ಲ.

ಮರುದಿನ ಅದೇ ಬಸ್ಸು, ಅಷ್ಟೇ ಜನ, ಅಷ್ಟೇ ಡೀಸೆಲ್, ನಾನು ಓಡಿಸಿದೆ. ಸಾಹುಕಾರರು ಮುಂದಿನ ಸೀಟಿನಲ್ಲಿ ಕೂತಿದ್ದರು. ಅಜ್ಜಂಪುರದಲ್ಲಿ ಡಬ್ಬಿಯಲ್ಲಿ ಉಳಿದದ್ದನ್ನು ತೋರಿಸಿದೆ. ಅವರು ಬಗ್ಗಿ ಅದರ ಗೆರೆಗಳನ್ನು ಎಣಿಸಿದರು. ಆಮೇಲೆ, "ಅವತ್ತೂ ಇದೇ ಆಗಿದ್ದಾ?" ಎಂದರು.

"ಇದೇ ಸಾವ್ಕಾರ್ರೇ."

"ಬಡ್ಡೀಮಗನ್ನ ಇವತ್ತೇ ಮನೆಗೆ ಕಳಿಸ್ತೀನಿ."

"ಬ್ಯಾಡಿ," ಎಂದೆ. "ಇಟ್ಕಳಿ. ನಾನು ತಿದ್ದುತೀನಿ."

"ದೊಡ್ಡ ಮನಸ್ಸು ಕಣಯ್ಯಾ ನಿಂದು," ಎಂದರು ಅವರು. ಕಣ್ಣಲ್ಲಿ ನೀರಿತ್ತು.

ಮನೆಗೆ ಕಳಿಸಿದ್ದರೆ ಅವನು ಬೇರೆ ಬಸ್ಸಿನಲ್ಲಿ ಅದೇ ಗರ್ಜನೆ ಮಾಡಿಕೊಂಡು ಇರುತ್ತಿದ್ದ. ನನಗೆ ಅವನು ಅಲ್ಲೇ ಬೇಕಿತ್ತು, ಅದೇ ಸೀಟಿನಲ್ಲಿ, ಅದೇ ರಸ್ತೆಯಲ್ಲಿ. ಬಡಗಿಯೊಬ್ಬನಿಂದ ಜಾಲಿ ಮರದ ಒಂದು ತುಂಡು ಕೆತ್ತಿಸಿ ತಂದು, ಅವನ ಬಸ್ಸಿನ ಆಕ್ಸಿಲರೇಟರ್ ಪೆಡಲಿನ ಕೆಳಗೆ ಬೋಲ್ಟು ಹಾಕಿ ಕೂರಿಸಿದೆ. ಪೆಡಲು ಅರ್ಧಕ್ಕಿಂತ ಕೆಳಗೆ ಹೋಗುತ್ತಿರಲಿಲ್ಲ. ಅವನು ಎಷ್ಟು ತುಳಿದರೂ ಬಸ್ಸು ಒಂದು ಮಟ್ಟಕ್ಕಿಂತ ಜೋರಾಗಿ ಓಡದು. ಗರ್ಜಿಸಲು ಹೋದರೆ ಗೊರಗುಟ್ಟುತ್ತಿತ್ತು. "ಡೀಸೆಲ್ ಉಳಿತಾಯಕ್ಕೆ" ಎಂದು ಸಾಹುಕಾರರಿಗೆ ಹೇಳಿದೆ. ಅದು ಸುಳ್ಳೂ ಅಲ್ಲ.

ಆ ತಿಂಗಳುಗಳು ನನ್ನ ಬದುಕಿನ ಸಿಹಿ ತಿಂಗಳುಗಳು. ಅವನು ಹಿಂದೆ ಹಾಕಿದ್ದ ಒಂದೊಂದು ಲಾರಿಯೂ ಈಗ ಅವನನ್ನು ಹಿಂದೆ ಹಾಕಿತು. "ಬಂತಪ್ಪಾ ಬಸವನಹುಳ" ಎನ್ನುವರು ನಿಲ್ದಾಣದಲ್ಲಿ. "ದಿಬ್ಬಣದ ಗಾಡಿ ಕಣ್ರೋ, ಓಲಗ ಒಂದು ಕಮ್ಮಿ" ಎನ್ನುವರು. ಅವನಿಗಾಗಿ ಕಾಯುತ್ತಿದ್ದವರೇ ಅವನ ಬಸ್ಸು ಕಂಡರೆ ಹಿಂದಿನ ಬಸ್ಸಿಗೆ ಓಡುತ್ತಿದ್ದರು. ನಾನು ಕೆಲವು ದಿನ ತಪಾಸಣೆಯ ನೆಪದಲ್ಲಿ ಅವನ ಹಿಂದಿನ ಸೀಟಿನಲ್ಲಿ ಕೂತು ಅಜ್ಜಂಪುರದವರೆಗೂ ಅವನ ಕತ್ತನ್ನು ನೋಡುತ್ತ ಹೋಗುತ್ತಿದ್ದೆ. ಅವನ ಕಿವಿ ಕೆಂಪಾಗುತ್ತಿತ್ತು.

ಒಂದು ಸಂಜೆ ಅವನು ನಮ್ಮ ಮನೆಗೆ ಬಂದ. ಅದಕ್ಕೂ ಮೊದಲು ನಮ್ಮ ಕೇರಿಗೆ ಕಾಲಿಟ್ಟವನಲ್ಲ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಎಲೆಅಡಿಕೆ. ಜಗಲಿಯ ಕೆಳಗೆ ನಿಂತು, "ಆ ತುಂಡು ತೆಗ್ಸು ಕಣೋ," ಎಂದ. "ಊರಲ್ಲಿ ತಲೆ ಎತ್ತಿ ಓಡಾಡಂಗಿಲ್ಲ. ನನ್ನ ತಪ್ಪಾಯ್ತು ಅನ್ಕೋ."

ನಾನು ಏನಾದರೂ ಹೇಳುವ ಮೊದಲೇ ಹೆಂಡತಿ ಬಾಗಿಲಿಗೆ ಬಂದಳು.

"ಅವತ್ತಿಂದ ನಮ್ಮಪ್ಪ ಬಸ್ ಸ್ಟ್ಯಾಂಡಿಗೆ ಬಂದಿಲ್ಲ," ಎಂದಳು. "ಸಂತೆಗೆ ಹೋಗಕ್ಕೂ ಕೆರೆ ಏರಿ ಮೇಲೆ ಸುತ್ತಾಕ್ಕೊಂಡು ಹೋಗ್ತಾರೆ. ನೀವು ಆ ಮಾತು ಆಡಿದ್ದು ನಮ್ಮನೆ ಮುಂದೆ ಅಲ್ವಲ್ಲ. ಎಲ್ಲಿ ಆಡಿದ್ರೋ ಅಲ್ಲೇ ನಿಂತ್ಕೊಂಡು, ಜನದ ಮುಂದೆ, ಸುಳ್ಳು ಅಂತ ಹೇಳಿ. ತುಂಡು ಅವತ್ತೇ ತೆಗೀತಾರೆ."

ಅವನ ಮುಖ ಕಲ್ಲಾಯಿತು. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳವ್ವಾ."

"ನಮಗೆ ಬೇರೆ ಏನೂ ಬ್ಯಾಡ."

ಅವನು ಹೊರಟುಹೋದ. ಜಗಲಿಯ ಮೇಲೆ ಬಿಟ್ಟುಹೋದ ಹಣ್ಣನ್ನು ಅವಳು ಸಿಪ್ಪೆ ಸಮೇತ ಎಮ್ಮೆಗೆ ಹಾಕಿದಳು.

ಅದಾದ ಮೇಲೆ ಅವನು ಬದಲಾದ. ನನಗೆ ತಕ್ಷಣ ಗೊತ್ತಾಗಲಿಲ್ಲ. ಗೇಟು ಹಾಕಿದ್ದರೆ ಇಂಜಿನ್ ಆರಿಸತೊಡಗಿದ. ಆಮೇಲೆ ರೈಲಿನ ಹೊತ್ತು ನೋಡಿಕೊಂಡು, ಗೇಟು ತೆರೆದಿರುವಾಗಲೇ ಅಲ್ಲಿಗೆ ತಲುಪುವಂತೆ ಓಡಿಸತೊಡಗಿದ. ಹತ್ತಿರಹತ್ತಿರ ಎರಡು ಕಡೆ ನಿಂತು ಬಸ್ಸಿಗೆ ಕೈ ಅಡ್ಡ ಹಾಕುವವರನ್ನು ಕಂಡಕ್ಟರಿಗೆ ಹೇಳಿ ಒಂದೇ ಕಡೆ ಸೇರಿಸಿದ, ನಿಂತು ಹೊರಡುವುದೇ ಡೀಸೆಲ್ ತಿನ್ನುತ್ತದೆ ಎಂದು. ಇದನ್ನು ನಾನು ಯಾರಿಗೂ ಕಲಿಸಿರಲಿಲ್ಲ. ಮೇಷ್ಟ್ರೂ ಹೇಳಿರಲಿಲ್ಲ. ಏರು ಬರುವ ಮೊದಲೇ ಬಸ್ಸಿಗೆ ಓಟ ತುಂಬಿಸಿ, ಏರಿನ ನೆತ್ತಿಯಲ್ಲಿ ಕಾಲು ತೆಗೆದು, ಇಳಿಜಾರನ್ನು ಗೇರಿನಲ್ಲೇ ಇಳಿದು, ನಿಲ್ದಾಣದ ಮುಂದೆ ಬ್ರೇಕಿನ ಸದ್ದೇ ಇಲ್ಲದೆ ತಂದು ನಿಲ್ಲಿಸುತ್ತಿದ್ದ. ಮುದುಕರು, ಬಸುರಿ ಹೆಂಗಸರು ಅವನ ಬಸ್ಸಿಗೇ ಕಾಯತೊಡಗಿದರು.

ಒಂದು ದಿನ ಶೆಡ್ಡಿನಲ್ಲಿ ಎಲ್ಲ ಡ್ರೈವರುಗಳ ಎದುರು ನನ್ನ ಮುಂದೆ ಬಂದು ನಿಂತ.

"ಡಬ್ಬಿ ಕಟ್ಟು," ಎಂದ. "ಒಂದು ದಿನ ನೀನು, ಒಂದು ದಿನ ನಾನು. ಅಜ್ಜಂಪುರಕ್ಕೆ. ನಾನು ಸೋತ್ರೆ ನಿನ್ನೆಂಡ್ತಿ ಹೇಳ್ದಂಗೆ ಬಸ್ ಸ್ಟ್ಯಾಂಡಲ್ಲಿ ನಿಂತು ಹೇಳ್ತೀನಿ. ಗೆದ್ರೆ ತುಂಡು ತೆಗೀಬೇಕು."

ನನಗೆ ಖುಷಿಯಾಯಿತು. ಗೆಲುವು ಕೈಯಲ್ಲೇ ಇದೆ ಎಂದುಕೊಂಡೆ. ಕಲಿಸಿದವನು ನಾನು.

ಮೊದಲ ದಿನ ಅವನ ಬಸ್ಸನ್ನೇ, ತುಂಡಿನ ಸಮೇತ, ನಾನು ಓಡಿಸಿದೆ. ಎಂದೂ ಅಷ್ಟು ಚೆನ್ನಾಗಿ ಓಡಿಸಿರಲಿಲ್ಲ. ಮರುದಿನ ಅವನ ಸರದಿ. ಸಾಹುಕಾರರೇ ಬಂದು ಕೂತರು, ನಾನು ಹಿಂದೆ ಕೂತೆ. ಅವನು ದಾರಿಯುದ್ದಕ್ಕೂ ಅಂಗಾಲಿನ ಕೆಳಗೆ ಮೊಟ್ಟೆ ಇಟ್ಟುಕೊಂಡವನ ಹಾಗೆ ಪೆಡಲು ಒತ್ತುತ್ತಿದ್ದ. ಅಜ್ಜಂಪುರದಲ್ಲಿ ಇಳಿದು ಅಳೆದೆವು. ನನಗಿಂತ ಒಂದು ಚಹಾ ಲೋಟದಷ್ಟು ಹೆಚ್ಚು ಉಳಿಸಿದ್ದ. ಮತ್ತೆ ಅಳೆದೆ. ಅಷ್ಟೇ ಇತ್ತು. ನನ್ನ ಓಟದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಿದರೆ ಏನೂ ಸಿಗಲಿಲ್ಲ. ಅವನು ನನಗಿಂತ ಚೆನ್ನಾಗಿ ಓಡಿಸಿದ್ದ, ಅಷ್ಟೇ.

ನಾನು ಸ್ಪ್ಯಾನರು ತೆಗೆದುಕೊಂಡು ಬಗ್ಗಿ, ಅಲ್ಲೇ, ಜನದ ಮುಂದೆ, ಬೋಲ್ಟು ಬಿಚ್ಚಿದೆ. ತುಂಡು ಕೈಗೆ ಬಂತು. ಎದ್ದು ನಿಂತಾಗ ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ.

"ಎಲ್ರೂ ಕೇಳ್ರಪ್ಪಾ," ಎಂದು ಕೂಗಿದ. ಈರುಳ್ಳಿ ಮಂಡಿಯವರು, ಹಣ್ಣಿನವರು ತಿರುಗಿದರು. "ಈವಯ್ಯ ಅವತ್ತು ಡೀಸೆಲ್ ಕದ್ದಿರ್ಲಿಲ್ಲ. ನಂಗೆ ಅವತ್ತೇ ಗೊತ್ತಿತ್ತು. ಸುಳ್ಳೇಳಿ ಅಂಗಿ ಬಿಚ್ಚಿಸ್ದೆ. ತಪ್ಪು ನಂದು."

ಹೇಳಿ ಇಳಿದುಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

ಜನ ಅವನನ್ನು ಹೊಗಳಿದರು! "ಎಂಥಾ ಮನುಷ್ಯನಪ್ಪಾ, ಗೆದ್ದೂ ತಪ್ಪೊಪ್ಕೊಂಡ" ಎಂದರು. ಸಾಹುಕಾರರು ತಮ್ಮ ಹೆಗಲ ಶಾಲು ತೆಗೆದು ಅವನಿಗೆ ಹೊದಿಸಿದರು. ನಾನು ಸ್ಪ್ಯಾನರು ಹಿಡಿದು ನಿಂತಿದ್ದೆ. ನಾನು ಹಿಂಡಿ ತೆಗೆಯಬೇಕೆಂದಿದ್ದ ಮಾತನ್ನು ಅವನು ದಾನದ ಹಾಗೆ ಕೊಟ್ಟುಬಿಟ್ಟ. ಸೋತು ಹೇಳಿದ್ದರೆ ಅದು ನನ್ನದಾಗುತ್ತಿತ್ತು. ಹೆಗಲ ಮೇಲಿನ ಕೈಯನ್ನು ತಳ್ಳಿ ನಡೆದುಬಿಟ್ಟೆ.

ಹೆಂಡತಿಗೆ ಹೇಳಿದೆ. "ಅಪ್ಪನ ಕಿವಿಗೆ ಬೀಳ್ತಲ್ಲ, ಅದು ಸಾಕು ನಂಗೆ," ಎಂದಳು. ಆಮೇಲೆ, "ನಿಮಗೆ?" ಎಂದು ಕೇಳಿದಳು. ಇಲ್ಲ ಎಂದೆ.

ಮುಂದಿನ ತಿಂಗಳು ಸಾಹುಕಾರರ ಕೆಲಸ ಬಿಟ್ಟೆ. ಅದೇ ರಸ್ತೆಯಲ್ಲಿ ಅವರಿಗೆ ಎದುರಾಗಿ ಬಸ್ಸು ಓಡಿಸುತ್ತಿದ್ದ ತರೀಕೆರೆಯ ಇನ್ನೊಬ್ಬ ಮಾಲೀಕರ ಬಳಿ ಸೇರಿದೆ. ಅವರ ಡ್ರೈವರುಗಳಿಗೆ ಮೇಷ್ಟ್ರಿಂದ ಕಲಿತದ್ದನ್ನೂ ಕಲಿಸಿದೆ, ಹೆಡ್ ಡ್ರೈವರನ್ನು ಹಿಂದಿನಿಂದ ನೋಡಿ ಕಲಿತದ್ದನ್ನೂ ಕಲಿಸಿದೆ: ರೈಲಿನ ಹೊತ್ತು, ಜನರನ್ನು ಒಂದೇ ಕಡೆ ಸೇರಿಸುವುದು, ಏರಿನ ನೆತ್ತಿಯಲ್ಲಿ ಕಾಲು ತೆಗೆಯುವುದು. ಖರ್ಚು ಇಳಿದ ಮೇಲೆ ಆ ಮಾಲೀಕರು ಇನ್ನೂ ಬಸ್ಸು ಕೊಂಡರು. ಸಾಹುಕಾರರ ಒಂದೆರಡು ಟ್ರಿಪ್ಪುಗಳು ನಿಂತವು. ಅವನ ಟ್ರಿಪ್ಪು ಮಾತ್ರ ನಿಲ್ಲಲಿಲ್ಲ. ಅವನ ಬಸ್ಸು ಯಾವಾಗಲೂ ತುಂಬಿರುತ್ತಿತ್ತು. ಅವನ ಇಂಜಿನ್ನನ್ನು ವರ್ಷಗಟ್ಟಲೆ ರಿಪೇರಿಗೆ ಬಿಚ್ಚಲೇ ಇಲ್ಲವಂತೆ ಎಂದು ಮೆಕ್ಯಾನಿಕ್ಕುಗಳು ನನ್ನ ಎದುರೇ ಹೊಗಳುತ್ತಿದ್ದರು. "ನಿಮ್ಮ ಶಿಷ್ಯನೇ ಅಲ್ವಾ" ಎಂದು ಅವರೇ ಸೇರಿಸುತ್ತಿದ್ದರು. ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ವಯಸ್ಸಾಯಿತು, ಇನ್ನಾದರೂ ಬಿಟ್ಟುಬಿಡಿ ಎನ್ನುತ್ತಾರೆ ಮಕ್ಕಳು. ಅವನು ಕ್ಷಮೆ ಕೇಳಿದನಲ್ಲ ಎನ್ನುತ್ತಾರೆ. ಅವರು ಆ ಬಿಸಿಲಲ್ಲಿ ಹರಿದ ಬನಿಯನ್ನಿನಲ್ಲಿ ನಿಂತವರಲ್ಲ.

ಅವನು ಕೆಲಸ ಬಿಡುವವರೆಗೂ ನಮ್ಮ ಬಸ್ಸುಗಳು ಬೀರೂರಿನ ಆಚೆ ದಿನಾ ಎದುರಾಗುತ್ತಿದ್ದವು. ನನ್ನನ್ನು ಕಂಡೊಡನೆ ಅವನು ಹಾರ್ನ್ ಹೊಡೆಯುತ್ತಿದ್ದ, ಚಿಕ್ಕದಾಗಿ, ಗೆಳೆಯನಿಗೆ ಹೊಡೆಯುವ ಹಾಗೆ. ಹಾರ್ನ್ ಹೊಡೆದರೆ ಡೀಸೆಲ್ ಖರ್ಚಾಗುವುದಿಲ್ಲವೆಂದು ನನಗೂ ಗೊತ್ತು. ಆದರೂ ನಾನು ಒಂದು ದಿನವೂ ಹೊಡೆಯಲಿಲ್ಲ.